ಭೇರ್ಯದವನ ಒಂದೇ ಹಾಡು

ನಾವು ಹುಣಸೂರಿನ ಕಾಲೇಜಿನಲ್ಲಿ ಓದುತ್ತಿದ್ದಾಗ ಯಾರೂ ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಊರಿನ ಹೆಸರೇ ಆಳಿನ ಹೆಸರು. ಒಬ್ಬ ಭೇರ್ಯ, ಇನ್ನೊಬ್ಬ ಹಂಪಾಪುರ, ಪಿರಿಯಾಪಟ್ಟಣದ ಕಡೆಯವನಾದ ನಾನು ಪಟ್ಣ. ಈಗ ಮೂವರಿಗೂ ಮೊಮ್ಮಕ್ಕಳಿದ್ದಾರೆ. ನಾನು ಮೇಷ್ಟರ ಕೆಲಸದಿಂದ ನಿವೃತ್ತನಾಗಿ ಹುಣಸೂರಿನಲ್ಲೇ ಉಳಿದೆ. ಅವರಿಬ್ಬರೂ ತಮ್ಮ ತಮ್ಮ ಊರಿನಲ್ಲಿ ಬೇಸಾಯಕ್ಕೆ ನಿಂತರು. ಆದರೂ ಫೋನ್ ಎತ್ತಿದರೆ "ಏನ್ಲಾ ಪಟ್ಣ" ಅನ್ನುವುದು ಮಾತ್ರ ತಪ್ಪಿಲ್ಲ. ನನ್ನ ಮೊಮ್ಮಗಳಿಗೆ ಇದು ಬಲು ತಮಾಷೆ.

ಒಂದು ದಿನ ಹಂಪಾಪುರ ಫೋನ್ ಮಾಡಿ, "ಲೇ ಪಟ್ಣ, ಭಾನ್ವಾರ ಕೆ.ಆರ್. ನಗರದಲ್ಲಿ ನಾಟ್ಕ ಅದೆ. ನಮ್ ಭೇರ್ಯ ಪಾರ್ಟ್ ಮಾಡ್ತಾನಂತೆ. ಓಗ್ಬರಾನ ಬಾ" ಎಂದ.

ನನಗೆ ಸಿಟ್ಟು ಬಂತು. "ತಲೆ ನೆಟ್ಟಗದಾ ನಿಂಗೆ? ಮಾತೇ ಇಲ್ದೋನು ಎಂಗ್ಲಾ ಪಾರ್ಟ್ ಮಾಡ್ತಾನೆ?"

"ನಂಗೇನ್ ಗೊತ್ತು? ಓಗಿ ನೋಡಾಣ ಬುಡು" ಎಂದು ಫೋನ್ ಇಟ್ಟೇಬಿಟ್ಟ.

ಸಿಟ್ಟಿಗೆ ಕಾರಣವಿತ್ತು. ಹೋದ ವರ್ಷ ಭತ್ತದ ಕುಯ್ಲಿನ ಹೊತ್ತಿನಲ್ಲಿ ಭೇರ್ಯನಿಗೆ ಸ್ಟ್ರೋಕ್ ಆಯಿತು. ಗದ್ದೆಯ ಬದುವಿನ ಮೇಲೆ ಕುಸಿದವನನ್ನು ಎತ್ತಿಕೊಂಡು ಮೈಸೂರಿಗೆ ಓಡಿದರು. ಕಾಲು ಬಂತು, ಕೈ ಅರ್ಧ ಬಂತು, ಮಾತು ಮಾತ್ರ ಬರಲಿಲ್ಲ. ಉಳಿದದ್ದು ಒಂದೇ ಪದ, "ಆಯ್ತು". ಊಟ ಬೇಕೇ ಎಂದರೂ ಆಯ್ತು, ಸಾಕೇ ಎಂದರೂ ಆಯ್ತು. ನಾವಿಬ್ಬರು ನೋಡಲು ಹೋದಾಗ ನಮ್ಮ ಕೈ ಹಿಡಿದುಕೊಂಡು "ಆಯ್ತು, ಆಯ್ತು" ಎಂದು ಅತ್ತ. ಏನೋ ಹೇಳಬೇಕು ಅಂತ ಅವನ ಕಣ್ಣು ಒದ್ದಾಡುತ್ತಿತ್ತು. ಅಂಥವನನ್ನು ನಾಲ್ಕು ಜನರ ಮುಂದೆ ನಿಲ್ಲಿಸುತ್ತಾರೆಂದರೆ ಹೊಟ್ಟೆ ಉರಿಯುವುದಿಲ್ಲವೇ?

ಅವನು ಹಾಡುಗಾರ. ಕಾಲೇಜಿನಲ್ಲಿದ್ದಾಗಲೇ ಊರೂರಿನ ಪೌರಾಣಿಕ ನಾಟಕಗಳಲ್ಲಿ ರಾಜನ ಪಾರ್ಟ್ ಅವನಿಗೇ. ನಮ್ಮ ಕಡೆಯ ನಾಟಕ ನೋಡದವರಿಗೆ ಒಂದು ಮಾತು ಹೇಳಬೇಕು. ಹಾಡು ಮುಗಿದ ಮೇಲೆ ಜನ "ಒನ್ಸ್ ಮೋರ್" ಎಂದು ಕೂಗಿದರೆ ಪಾತ್ರಧಾರಿ ಅದೇ ಹಾಡನ್ನು ಮತ್ತೆ ಹಾಡಲೇಬೇಕು. ಕಥೆ ಅಲ್ಲೇ ಕಾಯುತ್ತದೆ. ಸತ್ತು ಬಿದ್ದವನೂ ಎದ್ದು ಕೂತು ಹಾಡಿ, ಆಮೇಲೆ ಮತ್ತೆ ಸಾಯಬೇಕು. ಯಾರೂ ಕೂಗಲಿಲ್ಲವೋ, ಅವನು ಊರಲ್ಲಿ ತಲೆ ಎತ್ತಿಕೊಂಡು ಓಡಾಡುವ ಹಾಗಿಲ್ಲ. ಅದಕ್ಕೇ ಒಬ್ಬೊಬ್ಬ ಪಾತ್ರಧಾರಿಗೂ ಕೂಗುವುದಕ್ಕೆಂದೇ ಅವನ ಕಡೆಯವರು ಬಂದು ಕೂತಿರುತ್ತಾರೆ. ಭೇರ್ಯನ ಕಡೆಯವರು ನಾವು. ಪರೀಕ್ಷೆ ಹಿಂದಿನ ದಿನವೂ ಹೋಗಿ ಗಂಟಲು ಹರಿದುಕೊಂಡು ಬಂದವರು.

ಭಾನುವಾರ ಹಂಪಾಪುರ ತನ್ನ ಊರಿನಿಂದ ಹಳೇ ಕಾರಿನಲ್ಲಿ ಬಂದ. ಮುಂದಿನ ಸೀಟಿನಲ್ಲಿ ಬಾಳೆಗೊನೆ ಇಟ್ಟು ನನ್ನನ್ನು ಹಿಂದೆ ಕೂರಿಸಿದ. ಕೇಳಿದರೆ, "ಅದು ಭೇರ್ಯನ್ಗೆ ಕಣ್ಲಾ, ಹಿಂದೆ ಇಟ್ರೆ ನಸ್ಗಿ ಅಪ್ಪಚ್ಚಿ ಆಯ್ತದೆ. ನೀನಾದ್ರೆ ನಸ್ಗಾಕಿಲ್ಲ" ಎಂದ. ದಾರಿಯುದ್ದಕ್ಕೂ ನಾನು ಬೈದೆ, ಅವನು ನಕ್ಕ.

ಈಗೀಗ ಈ ನಾಟಕಗಳನ್ನು ರಾತ್ರಿಯಿಡೀ ಆಡುವುದಿಲ್ಲ. ಸಭಾಂಗಣ ಹಿಡಿದು ಬೆಳಿಗ್ಗೆಯೇ ಶುರು ಮಾಡಿ ಸಂಜೆಗೆ ಮುಗಿಸುತ್ತಾರೆ. ನಾವು ಹೋದಾಗ ಬಾಗಿಲಲ್ಲಿ ಕಾಫಿ, ಬೋಂಡ ನಡೆಯುತ್ತಿತ್ತು. ಒಳಗೆ ಬಣ್ಣ ಹಚ್ಚುವ ಕೋಣೆಯಲ್ಲಿ ಭೇರ್ಯ ಕಿರೀಟ ಇಟ್ಟುಕೊಂಡು ಕೂತಿದ್ದ. ಮೀಸೆ ಅಂಟಿಸಿದ್ದರು. ನಮ್ಮನ್ನು ಕಂಡದ್ದೇ ಎದ್ದು ನಿಂತು ಎಡಗೈಯಲ್ಲಿ ಇಬ್ಬರನ್ನೂ ಒಟ್ಟಿಗೆ ಎಳೆದು ಅಪ್ಪಿಕೊಂಡ. ಬಣ್ಣವೆಲ್ಲ ನನ್ನ ಬಿಳಿ ಅಂಗಿಗೆ ಮೆತ್ತಿತು.

"ಏನ್ಲಾ ಮಾರಾಜ, ಎಂಗಿದ್ದೀಯಾ?" ಎಂದ ಹಂಪಾಪುರ.

"ಆಯ್ತು" ಎಂದ ಭೇರ್ಯ.

ನನಗೆ ಮುಖ ಆ ಕಡೆ ತಿರುಗಿಸಿಕೊಳ್ಳಬೇಕಾಯಿತು.

ಅವನ ಹೆಂಡತಿ ನಮ್ಮನ್ನು ಸನ್ನೆ ಮಾಡಿ ಹೊರಗೆ ಕರೆದಳು. ಬಡಕಲು ಹೆಂಗಸು, ಈ ಒಂದು ವರ್ಷದಲ್ಲಿ ಇನ್ನಷ್ಟು ಇಳಿದುಹೋಗಿದ್ದಳು. ನಾನು ಬಾಯಿ ತೆರೆಯುವ ಮುಂಚೆಯೇ, "ಬೈಬ್ಯಾಡಿ ಅಣ್ಣ" ಎಂದಳು. "ಒಂದಿನ ಕೊಟ್ಟಿಗೇಲಿ ಹಾಲ್ ಕರೀತಿದ್ದೆ. ಇವರು ಬಾಗ್ಲಲ್ಲಿ ಕೂತ್ಕಂಡು ನಾಟ್ಕದ್ ಹಾಡು ಹಾಡ್ತಾವ್ರೆ. ಪೂರ್ತಿ, ಒಂದಕ್ಷರ ಬಿಡ್ದಂಗೆ. ನಂಗೆ ಕೈಕಾಲೇ ಆಡ್ನಿಲ್ಲ. ಡಾಕ್ಟ್ರನ್ನ ಕೇಳುದ್ರೆ, ತಲೇಲಿ ಮಾತಿರೋ ಜಾಗ ಬ್ಯಾರೆ, ಹಾಡಿರೋ ಜಾಗ ಬ್ಯಾರೆ ಅಂದ್ರು. ನಾಟ್ಕದ್ ಮೇಷ್ಟ್ರು ಕೇಳುಸ್ಕಂಡು, ಒಂದೇ ಹಾಡು ಹಾಡ್ಲಿ, ಮಾತೆಲ್ಲ ಮಂತ್ರಿ ಪಾರ್ಟಿನೋನು ಹೇಳ್ತಾನೆ ಅಂತ ಒಪ್ಕಂಡವ್ರೆ."

"ಒಳ್ಳೇದೇ ಆಯ್ತಲ್ಲಮ್ಮ" ಎಂದೆ. ಸಿಟ್ಟು ಎತ್ತಲೋ ಹೋಗಿತ್ತು.

"ಒಂದ್ ಸಲ ಹಾಡ್ತಾರೆ ಅಣ್ಣ. ಎರಡ್ನೇ ಸಲ ಹಾಡ್ಸುದ್ರೆ ಪದ ತಪ್ಪೋಯ್ತವೆ, ನಡುಮಧ್ಯ ನಿಂತ್ಬುಡ್ತಾರೆ. ಮನೇಲಿ ನಾ ನೋಡಿವ್ನಿ. ಜನ ನಕ್ಬುಟ್ರೆ ಇನ್ನ ಹಾಡಾಕೂ ಬಾಯ್ ತೆಗೆಯಾಕಿಲ್ಲ ಇವರು. ಅದೊಂದೇ ಉಳಿದಿರೋದು ನಂಗೆ. ಕೈ ಮುಗೀತೀನಿ, ಒನ್ಸ್ ಮೋರ್ ಕೂಗ್ಬ್ಯಾಡಿ." ನಿಜವಾಗಿಯೂ ಕೈ ಮುಗಿದಳು.

"ದೇವ್ರಾಣೆಗೂ ಕೂಗಲ್ಲ ಕಣವ್ವ" ಎಂದ ಹಂಪಾಪುರ. ನಾನು ಅವನ ಮುಖ ನೋಡಿದೆ. ಇವನ ಆಣೆಯನ್ನು ಕಾಲೇಜಿನಿಂದ ಬಲ್ಲೆ.

ಮುಂದಿನಿಂದ ಎರಡನೇ ಸಾಲಿನಲ್ಲಿ ಕೂತೆವು. ಮೊದಲ ದೃಶ್ಯಗಳು ಎಂದಿನ ಹಾಗೇ ಸಾಗಿದವು; ಒಬ್ಬ ಸೇನಾಪತಿಗೆ ಅವನ ಅಳಿಯಂದಿರು ವೇದಿಕೆ ಹತ್ತಿ ಹಾರ ಹಾಕಿದರು, ಒಬ್ಬ ರಾಕ್ಷಸನ ಗದೆ ಹಿಡಿಯಿಂದ ಕಳಚಿಕೊಂಡು ಉರುಳಿತು. ಆಮೇಲೆ ಪರದೆ ಎದ್ದರೆ ಕಾಡು. ರಾಜ್ಯ ಕಳೆದುಕೊಂಡ ರಾಜನಾಗಿ ಭೇರ್ಯ ನಿಂತಿದ್ದಾನೆ. ಪಕ್ಕದಲ್ಲಿ ಮಂತ್ರಿ ಏನೇನೋ ಹೇಳಿದ. ಹಾರ್ಮೋನಿಯಂ ಮೇಷ್ಟರು ಶ್ರುತಿ ಹಿಡಿದು ಭೇರ್ಯನನ್ನೇ ನೋಡುತ್ತ ಕೂತರು. ಪರದೆಯ ಪಕ್ಕದಲ್ಲಿ ಅವನ ಹೆಂಡತಿಯ ಸೆರಗು ಕಾಣುತ್ತಿತ್ತು.

ಭೇರ್ಯ ಕಣ್ಣು ಮುಚ್ಚಿದ. ಬಾಯಿ ತೆರೆದ.

ಹಾಡಿದ ಮಾರಾಯ. ಅದೇ ಗಂಟಲು. ಸ್ವಲ್ಪ ಒಡೆದಿತ್ತು, ಆದರೆ ಪದ ಒಂದೊಂದೂ ಸ್ಪಷ್ಟ. ಒಂದು ವರ್ಷದಿಂದ ಹೆಂಡತಿಯ ಹತ್ತಿರ ನೀರು ಬೇಕು ಅಂತ ಕೇಳಲಾರದವನು, ಹೋದ ರಾಜ್ಯವನ್ನೂ ಬಿಟ್ಟುಬಂದ ಮಕ್ಕಳನ್ನೂ ನೆನೆದು ನೆನೆದು ಹಾಡಿದ. ನನ್ನ ಕಣ್ಣಲ್ಲಿ ನೀರು ಬಂತು. ಹಾಡು ಮುಗಿಯಿತು. ಬದುಕಿದೆವಲ್ಲ ಅಂದುಕೊಳ್ಳುತ್ತಿದ್ದೆ, ನನ್ನ ಪಕ್ಕದಲ್ಲೇ ಬಾಂಬು ಬಿದ್ದ ಹಾಗೆ, "ಒನ್ಸ್ ಮೋರ್" ಎಂಬ ಕೂಗು ಕೇಳಿತು.

ಹಂಪಾಪುರ ಎದ್ದು ನಿಂತಿದ್ದ. ಕೂಗಿದ ಮೇಲೆ ಗೊತ್ತಾಯಿತು ಅವನಿಗೆ. ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ದೊಪ್ಪನೆ ಕೂತ. ಆದರೆ ಒಂದು ಕೂಗು ಬಿದ್ದರೆ ಮುಗಿಯಿತಲ್ಲ, ಇಡೀ ಸಭೆ ಹಿಡಿದುಕೊಂಡಿತು. "ಹಾಳ್ ಬಾಯಿ ಕಣ್ಲಾ ನಿಂದು" ಎಂದು ನಾನು ಅವನ ತೋಳು ಚಿವುಟಿದೆ. "ಅಭ್ಯಾಸ ಕಣ್ಲಾ" ಎಂದ, ಅಳುವ ದನಿಯಲ್ಲಿ.

ಭೇರ್ಯ ಕೂಗು ಬಂದ ಕಡೆ ನೋಡಿದ. ಅವನ ಮುಖ ಅರಳಿತು. ಮೇಷ್ಟರಿಗೆ ತಲೆಯಾಡಿಸಿದ. ಹಾಡು ಮತ್ತೆ ಶುರುವಾಯಿತು. ಮೊದಲ ಸಾಲು ಬಂತು. ಎರಡನೆಯದು ಅರ್ಧಕ್ಕೆ ನಿಂತಿತು. ಮೇಷ್ಟರು ಅದೇ ಸ್ವರಗಳನ್ನು ಮತ್ತೆ ಮತ್ತೆ ನುಡಿಸುತ್ತ ಕಾದರು. ಭೇರ್ಯ ತುಟಿ ಅಲುಗಿಸಿದ, ಏನೂ ಬರಲಿಲ್ಲ. ಹಿಂದೆ ಯಾರೋ ಕೆಮ್ಮಿದರು, ಯಾರೋ ಕಿಸಕ್ಕೆಂದರು. ಅವನ ಹಣೆಯಿಂದ ಬೆವರು ಬಣ್ಣದ ಮೇಲೆ ಇಳಿಯಿತು. ಅವನು ಗಂಟಲು ಮುಟ್ಟಿಕೊಂಡು ಪರದೆಯ ಪಕ್ಕಕ್ಕೆ ತಿರುಗಿದ. ಹೆಂಡತಿಯ ಕಡೆ ಕೈ ಚಾಚಿದ. ರಾಗ ಬಿಡಲಿಲ್ಲ. ಅದೇ ಧಾಟಿಯಲ್ಲಿ, ಅದೇ ತಾಳಕ್ಕೆ ಸರಿಯಾಗಿ ಹಾಡಿದ:

"ಲೇ ಇವಳೇ... ವಸಿ ನೀರ್ ಕೊಡೇ... ಇವಳೇ..."

ಸಭೆ ಗೊಳ್ಳೆಂದು ನಕ್ಕಿತು. ರಾಜನ ಹಾಸ್ಯ ಅಂದುಕೊಂಡರು ಅವರು. ನಾವಿಬ್ಬರು ಮಾತ್ರ ನಗಲಿಲ್ಲ. ಅದು ನಾಟಕದ ಪದವಲ್ಲ. ಅದು ಅವನ ಮಾತು, ಅವನದೇ ಸ್ವಂತ ಮಾತು.

ಅವನ ಹೆಂಡತಿ ಪರದೆಯ ಮರೆಯಿಂದ ಈಚೆಗೆ ಬಂದಳು. ಜನರಿದ್ದಾರೆ ಎಂಬುದೇ ಅವಳಿಗೆ ತೋರಿದಂತಿರಲಿಲ್ಲ. ಹಾರ್ಮೋನಿಯಂ ಮೇಷ್ಟರ ಪಕ್ಕದಲ್ಲಿದ್ದ ನೀರಿನ ಬಾಟಲಿ ಎತ್ತಿಕೊಂಡು ಹೋಗಿ, ಕಿರೀಟ ಹೊತ್ತ ಗಂಡನಿಗೆ ತಾನೇ ಕುಡಿಸಿದಳು. ಸೆರಗಿನಲ್ಲಿ ಅವನ ಬಾಯಿ ಒರೆಸಿದಳು. "ಏನಂದ್ರಿ?" ಎಂದು ಕೇಳಿದಳು. ಮೈಕು ಹತ್ತಿರವೇ ಇತ್ತು, ಎಲ್ಲರಿಗೂ ಕೇಳಿಸಿತು.

"ಆಯ್ತು" ಎಂದ ಅವನು. ರಾಗ ನಿಂತಿತ್ತು.

ಜನ ಚಪ್ಪಾಳೆ ತಟ್ಟಿ ಸುಮ್ಮನಾದರು. ಮಂತ್ರಿ ಮುಂದಿನ ಮಾತಿಗೆ ಗಂಟಲು ಸರಿಮಾಡಿಕೊಂಡ. ಅವಳು ಒಳಗೆ ಹೋಗಲಿಲ್ಲ. ಬಾಟಲಿ ಹಿಡಿದುಕೊಂಡೇ ವೇದಿಕೆಯ ಅಂಚಿಗೆ ಬಂದು, ನಾವಿಬ್ಬರು ಎಲ್ಲಿದ್ದೇವೆಂದು ಹುಡುಕಿ, ಬಗ್ಗಿ ಹೇಳಿದಳು:

"ಕೂಗಿ ಅಣ್ಣ. ಇನ್ನೊಂದ್ ಸಲ ಕೂಗಿ. ಇನ್ನೊಂದ್ ಸಲ ಕರೀಲಿ ನನ್ನ."