ಹೋಗಿ ಬರ್ತೀನಿ ಎಂದ ಡ್ರೈವರ್

ನಮ್ಮ ಸೊಸೆ ಡ್ರೈವರ್‌ಗಳನ್ನು ರಿಪೇರಿ ಮಾಡುತ್ತಾಳೆ ಎಂದು ಅಮ್ಮ ಹೆಮ್ಮೆಯಿಂದ ಹೇಳಿದಾಗ, ಕುಡಿತ ಬಿಡಿಸುವ ಕೆಲಸವೇ ಎಂದು ಪಕ್ಕದ ಮನೆಯಾಕೆ ಕೇಳಿದಳಂತೆ. ಅತ್ತಿಗೆಯ ಡ್ರೈವರ್‌ಗಳು ಕುಡಿಯುವುದಿಲ್ಲ. ಕಂಪ್ಯೂಟರಿಗೂ ಅದಕ್ಕೆ ಸಿಕ್ಕಿಸಿದ ಯಂತ್ರಕ್ಕೂ ನಡುವೆ ಮಾತು ದಾಟಿಸುವ ಪ್ರೋಗ್ರಾಮುಗಳು ಅವು. ಅದಕ್ಕಾಗಿ ಮೆಮೊರಿಯಲ್ಲಿ ಒಂದಿಷ್ಟು ಜಾಗ ಕೇಳಿ ಪಡೆಯುತ್ತವೆ, ಕೆಲಸ ಮುಗಿದ ಮೇಲೆ ಹಿಂತಿರುಗಿಸಬೇಕು. ಅಲ್ಲಿ ಎಡವಟ್ಟಾದರೆ ಅತ್ತಿಗೆಯನ್ನು ಕರೆಯುತ್ತಾರೆ.

ನನಗೆ ಹುಟ್ಟಿನಿಂದ ಕಣ್ಣು ಕಾಣದು. ಕೋಪ ಮಾತ್ರ ಮೂಗಿನ ತುದಿಯಲ್ಲೇ ಇದೆ. ಶಾಲೆಯಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಲ್ಯಾಪ್‌ಟಾಪಿಗೆ ಸಿಕ್ಕಿಸಿದ ಬ್ರೈಲ್ ಪಟ್ಟಿಯ ಮೇಲೆ ಚುಕ್ಕೆಗಳು ಏಳುತ್ತವೆ, ಬೆರಳಿನಿಂದ ಓದುತ್ತೇನೆ. ಈಚೆಗೆ ಅದು ಪಾಠದ ನಡುವೆ ಸಾಯತೊಡಗಿತ್ತು, ಲ್ಯಾಪ್‌ಟಾಪನ್ನೂ ಜೊತೆಗೆ ಕೆಡವುತ್ತಿತ್ತು. ಆ ಪಟ್ಟಿಯನ್ನು ತಯಾರಿಸಿದ ಕಂಪನಿ ಎಂದೋ ಬಾಗಿಲು ಹಾಕಿತ್ತು. ಸೋಮವಾರವೂ ಹೀಗಾದರೆ ನನ್ನನ್ನು ಲೈಬ್ರರಿಯಲ್ಲಿ ಕೂರಿಸುವುದಾಗಿ ಹೆಡ್‌ಮಾಸ್ಟರು ಮೆತ್ತಗೆ ಹೇಳಿದರು. ಪಾಠ ಬಿಟ್ಟರೆ ನನಗೆ ಬೇರೇನೂ ಬಾರದು. ಹೆದರಿಬಿಟ್ಟೆ.

ಯಾವಾಗ ಸಾಯುತ್ತದೆ ಎಂದು ಅತ್ತಿಗೆ ಕೇಳಿದರು. ಅದಕ್ಕೆ ಹೊತ್ತುಗೊತ್ತಿಲ್ಲ ಎಂದು ರೇಗಿದೆ. ಅವರು ವಾದಕ್ಕಿಳಿಯದೆ, ಊಟದ ಮೇಜಿನ ಸುತ್ತಲಿನ ಕುರ್ಚಿಗಳಿಗೇ ಪಾಠ ಮಾಡು ಎಂದರು. ಮಾಡಿದೆ. ಬೆಂಚುಗಳ ನಡುವೆ ಓಡಾಡಲು ಹೊರಟಾಗ ಮಕ್ಕಳ ಕಾಲಿಗೆ ಸಿಗದಿರಲೆಂದು ತಂತಿ ಕಿತ್ತಿಡುವುದು ನನ್ನ ರೂಢಿ. ಮರಳಿ ಬಂದಾಗ ಮುಂದಿನ ಸಾಲು ಸಿದ್ಧವಿರಲೆಂದು ಗುಂಡಿ ಒತ್ತಿ, ಅದೇ ಉಸಿರಿನಲ್ಲಿ ಕೀಳುತ್ತೇನೆ. ಹಾಗೇ ಕಿತ್ತೆ, ಲ್ಯಾಪ್‌ಟಾಪ್ ಸತ್ತಿತು.

"ತಡಿ," ಎಂದರು ಅತ್ತಿಗೆ. ಆಮೇಲೆ ಬಹಳ ಹೊತ್ತು ಕೀಬೋರ್ಡು ಕುಟ್ಟಿದರು. ಡ್ರೈವರ್ ಜಾಗ ಪಡೆದದ್ದೆಲ್ಲಿ, ಕೊಟ್ಟದ್ದೆಲ್ಲಿ ಎಂದು ಸಾಲು ಸಾಲಾಗಿ ಹುಡುಕಿ, ಕೊನೆಗೆ ನಕ್ಕರು.

"ತಂತಿ ಕಿತ್ತ ಕೂಡಲೇ ಡ್ರೈವರ್ ಜಾಗ ಬಿಟ್ಟುಕೊಡುತ್ತೆ. ನೀನು ಒತ್ತಿದ ಗುಂಡಿಯ ಕೆಲಸ ಇನ್ನೂ ಮುಗಿದಿರಲ್ಲ. ಅದು ಹಳೇ ಜಾಗಕ್ಕೇ ಬಂದು ಬರೆಯುತ್ತೆ. ಅಷ್ಟರಲ್ಲಿ ಅಲ್ಲಿ ಬೇರೆಯವರ ಸಂಸಾರ, ಅದು ಕೆಟ್ಟು ಲ್ಯಾಪ್‌ಟಾಪೇ ಬೀಳುತ್ತೆ. ಇದೂ ನಮ್ಮ ಮನೆಮಂದಿಯ ಹಾಗೇ ಕಣೋ, ಹೋಗ್ತೀನಿ ಅನ್ನಲ್ಲ, ಹೋಗಿ ಬರ್ತೀನಿ ಅನ್ನುತ್ತೆ."

ಅದು ಕಣ್ಣಿದ್ದವರಿಗೂ ಕಾಣದ ಜಾಗ. ನನ್ನ ಬೆರಳಿನ ಒಂದು ಒತ್ತಿನ ಬೆನ್ನು ಹತ್ತಿ ಅಲ್ಲಿಗೆ ಹೋಗಿ, ಯಾರು ಬಿಟ್ಟರು, ಯಾರು ಮರಳಿದರು ಎಂದು ನೋಡಿ ಬಂದಿದ್ದರು ಈ ಹೆಂಗಸು. ಕೈಯಲ್ಲಿರುವ ಕೆಲಸ ಮುಗಿಯುವ ತನಕ ಕಾದು, ಆಮೇಲೆ ಜಾಗ ಬಿಡುವಂತೆ ಡ್ರೈವರನ್ನು ತಿದ್ದಿದರು. ಇನ್ನೊಂದೆಡೆ ಅದು ಪಡೆದ ಜಾಗ ಕೊಡುವುದನ್ನೇ ಮರೆತಿತ್ತು, ಪಾತ್ರೆ ಒಯ್ದು ವಾಪಸ್ ಕೊಡದ ನೆಂಟರ ಹಾಗೆ. ಅದನ್ನೂ ಸರಿಪಡಿಸಿದರು.

ಸೋಮವಾರ ಹೊಸ್ತಿಲಲ್ಲಿ ನಿಂತು, "ಹೋಗಿ ಬರ್ತೀನಿ ಅತ್ತಿಗೆ," ಎಂದೆ.

"ನೀನು ಬಾ. ಅದು ಬರೋದು ಬೇಡ," ಎಂದರು.

ಹೆಡ್‌ಮಾಸ್ಟರು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ನಾನು ಬೇಕೆಂದೇ ಗುಂಡಿ ಒತ್ತಿ ತಂತಿ ಕಿತ್ತೆ. ಬೆಂಚುಗಳ ನಡುವೆ ಸುತ್ತಿ ಬಂದು, ಅದನ್ನು ಮತ್ತೆ ಸಿಕ್ಕಿಸಿದೆ. ಬೆರಳಡಿಯಲ್ಲಿ ಮುಂದಿನ ಸಾಲು ಎದ್ದು ನಿಂತಿತ್ತು. ಮಕ್ಕಳು ಕಾಯುತ್ತಿದ್ದರು, ಓದಿದೆ.