ನಾಲ್ಕನೇ ಡಬ್ಬಿ

ಡಬ್ಬಿ ಅಕ್ಕ ಎಂಬ ಹೆಸರನ್ನು ಆಫೀಸಿನವರು ಪ್ರೀತಿಯಿಂದೇನೂ ಇಟ್ಟದ್ದಲ್ಲ. ಒಂದರೊಳಗೊಂದು ಕೂರುವ ನಾಲ್ಕು ಸ್ಟೀಲ್ ಡಬ್ಬಿಗಳನ್ನು ಮೇಜಿನ ಮೇಲಿಟ್ಟುಕೊಂಡು ಬಂದವರಿಗೆಲ್ಲ ಪಾಠ ಹೇಳುವ ಚಾಳಿ ಅವಳದು. ಅವಳು ಬರೆದ ಲೈಬ್ರರಿಯ, ಅಂದರೆ ಬೇರೆ ಪ್ರೋಗ್ರಾಮುಗಳು ಬಳಸಿಕೊಳ್ಳುವ ಕೋಡಿನ ಕಟ್ಟಿನ, ಕೆಲಸವೂ ಅಷ್ಟೇ: ಪ್ರೋಗ್ರಾಮಿನಲ್ಲಿ ಒಂದರೊಳಗೊಂದು ಅಡಗಿ ಕೂತ ಮಾಹಿತಿಯನ್ನು ಬಿಚ್ಚಿ, ಜೇಸನ್ ಎಂಬ ಸಾದಾ ಬರಹವಾಗಿಸಿ ಇನ್ನೊಂದು ಕಂಪ್ಯೂಟರಿಗೆ ಕಳಿಸುವುದು. ಆಸ್ಪತ್ರೆಯ ಔಷಧಿ ಚೀಟಿಗಳು ಹೋಗುತ್ತಿದ್ದುದು ಅದರ ಮೂಲಕವೇ. ತಪ್ಪು ಮಾಡುವವರು ಯಾವಾಗಲೂ ಬೇರೆಯವರು ಎಂಬುದು ಅವಳ ನಂಬಿಕೆ. ಮದುವೆಯಾದ ಇಪ್ಪತ್ತಾರು ವರ್ಷಗಳಲ್ಲಿ "ನಂದೇ ತಪ್ಪು" ಎಂಬ ಮಾತನ್ನು ಅವಳ ಬಾಯಿಂದ ಗಂಡ ಕೇಳಿಲ್ಲ, ಪಾಪ.

ಆಸ್ಪತ್ರೆಯ ಔಷಧಿ ಅಂಗಡಿಯವನು ಎಂಟು ದಿನದಿಂದ ಫೋನು ಮಾಡುತ್ತಿದ್ದ.

"ಮೇಡಂ, ಯಾವ ಔಷಧಿ ಮೈಗೆ ಆಗಲ್ಲ ಅನ್ನೋ ಜಾಗ ಚೀಟೀಲಿ ಖಾಲಿ ಬರ್ತಿದೆ. ಎಲ್ಲರಿಗೂ ಖಾಲಿ."

"ನಿಮ್ಮ ಪ್ರಿಂಟರ್ ನೋಡ್ಕೊಳ್ಳಿ."

ಆ ಪುಣ್ಯಾತ್ಮ ಪ್ರಿಂಟರನ್ನೇ ಬದಲಾಯಿಸಿದ. ಹೊಸದು ಖಾಲಿ ಜಾಗವನ್ನು ಇನ್ನೂ ಶುಭ್ರವಾಗಿ ಅಚ್ಚು ಹಾಕಿಕೊಟ್ಟಿತು.

ಒಂಬತ್ತನೇ ದಿನ, ಅವನ ಕಾಟ ತಪ್ಪಿದರೆ ಸಾಕೆಂದು ಅವಳು ಡಬ್ಬಿಗಳನ್ನು ಬಿಡಿಸಿಟ್ಟು ಎಣಿಸಿದಳು. ಚೀಟಿಯೊಳಗೆ ರೋಗಿ, ರೋಗಿಯೊಳಗೆ ಕಡತ, ಕಡತದೊಳಗೆ ಆಗದ ಔಷಧಿಗಳ ಪಟ್ಟಿ. ಆಸ್ಪತ್ರೆಯವರು ಈಚೆಗಷ್ಟೇ ಪಟ್ಟಿಯನ್ನು ಅಲ್ಲಿಗೆ ಸರಿಸಿದ್ದರು. ಮೂರರ ತನಕ ಎಲ್ಲ ಸರಿ. ನಾಲ್ಕನೆಯದರಲ್ಲಿ, ಇಷ್ಟು ಆಳದ್ದು ನನ್ನಿಂದ ಬಿಚ್ಚಲಾಗದು ಎಂದು ಬೊಬ್ಬೆ ಹಾಕಬೇಕಿದ್ದ ಲೈಬ್ರರಿ "ಖಾಲಿ" ಎಂದು ಬರೆದು ತೆಪ್ಪಗೆ ಕೂತಿತ್ತು.

"ಯಾವ ದಡ್ಡ ಶಿಖಾಮಣಿ ಬರ್ದಿದ್ದು ಇದನ್ನ?" ಎಂದು ನಾಲ್ಕು ಮೇಜಿನಾಚೆಗೂ ಕೇಳುವಂತೆ ಗುಡುಗಿ ಆ ಸಾಲನ್ನು ತೆರೆದಳು. ಪಕ್ಕದಲ್ಲೇ ಟಿಪ್ಪಣಿ: "ಮೂರಕ್ಕಿಂತ ಆಳಕ್ಕೆ ಬೇಡ. ಸದ್ಯಕ್ಕಿರಲಿ, ನಾಳೆ ನೋಡೋಣ." ಎಂಟು ವರ್ಷ ಹಿಂದಿನದು, ಬರೆದವಳು ಅವಳೇ. ರೋಗಿಯೊಳಗೆ ವೈದ್ಯ, ವೈದ್ಯನೊಳಗೆ ಮತ್ತೆ ಅದೇ ರೋಗಿ ಎಂದು ಸುತ್ತಿ ಸುತ್ತಿ ಪ್ರೋಗ್ರಾಂ ಕುಸಿಯುತ್ತಿದ್ದ ದಿನ, ಬೇಗ ಮನೆಗೆ ಹೋಗುವ ಆತುರದಲ್ಲಿ ಹಾಕಿದ ಬೇಲಿ.

ಆ ಬೇಲಿ ಕಿತ್ತು, ಒಮ್ಮೆ ಬರೆದದ್ದು ಮತ್ತೆ ಎದುರಾದರೆ ಮಾತ್ರ ನಿಲ್ಲು ಎಂದು ಲೈಬ್ರರಿಗೆ ಹೇಳಿಕೊಟ್ಟಳು. ಹತ್ತೇ ಸಾಲು. ಇನ್ನು "ಪ್ರಿಂಟರ್ ಸರಿ ಹೋಯ್ತಾ?" ಎಂದು ಕೇಳಿಬಿಟ್ಟರೆ ಅಂಗಡಿಯವನು ನಂಬುತ್ತಿದ್ದ. ಆದರೆ ಈ ಎಂಟು ದಿನದಲ್ಲಿ ಯಾರ ಮೈಗೆ ಏನು ಹೋಯಿತೋ ಎಂದು ನೆನೆದದ್ದೇ ಅವಳು ಕುರ್ಚಿ ಬಿಟ್ಟೆದ್ದಳು. ಚಪ್ಪಲಿ ಮೆಟ್ಟಿ ನೇರ ಆಸ್ಪತ್ರೆಗೆ ಹೋದಳು.

"ನಂದೇ ತಪ್ಪು. ಪ್ರಿಂಟರ್ ಸರಿಯಾಗೇ ಇತ್ತು. ಯಾರಿಗಾದ್ರೂ ಏನಾದ್ರೂ..."

ಅಂಗಡಿಯವನು ಕೌಂಟರಿನ ಕೆಳಗಿಂದ ಚೀಟಿಗಳ ಕಟ್ಟು ತೆಗೆದಿಟ್ಟ. ಪ್ರತಿ ಖಾಲಿ ಜಾಗದಲ್ಲೂ ನೀಲಿ ಪೆನ್ನಿನ ಬರಹ.

"ಖಾಲಿ ಇದೆ ಅಂದ್ರೆ ಏನೂ ಇಲ್ಲ ಅಂತ ಹೇಗೆ ನಂಬೋದು ಮೇಡಂ? ಒಬ್ಬೊಬ್ಬರನ್ನೂ ಕೇಳಿ ಬರ್ಕೊಂಡೆ."

ಅವಳಿಗೆ ಹೋದ ಜೀವ ಬಂದಂತಾಯಿತು. "ಈಗ ಎಲ್ಲ ಸರಿ ಮಾಡಿದೀನಿ. ಇನ್ನು ಕೇಳೋದೇನೂ ಬೇಡ."

ಅವನು ಮುಂದಿನ ಚೀಟಿ ಎತ್ತಿಕೊಂಡ. ಪಟ್ಟಿ ತುಂಬಿಕೊಂಡೇ ಬಂದಿತ್ತು. ಆದರೂ ಪೆನ್ನಿನ ಮುಚ್ಚಳ ತೆಗೆದ.

"ಅಜ್ಜಿ, ನಿಮಗೆ ಯಾವುದಾದ್ರೂ ಔಷಧಿ ಆಗಲ್ವಾ?"

ಅಜ್ಜಿ ಒಂದೊಂದಾಗಿ ಹೇಳುತ್ತಾ ಹೋದಂತೆ, ಡಬ್ಬಿ ಅಕ್ಕ ಕೌಂಟರಿನ ಮೇಲೆ ಬಗ್ಗಿ, ಚೀಟಿಯ ಸಾಲುಗಳ ಮೇಲೆ ಬೆರಳಿಟ್ಟು ತಾಳೆ ನೋಡಿದಳು.