ಫ್ಲೋರ್ಕಾಳ ಹಗ್ಗ ಹಿಡಿಯುವ ಎರ್ವಿನ್

ಬೆಳಕು ಇನ್ನೂ ಹರಿದಿಲ್ಲ. ಎರ್ವಿನ್ ಗಾವ್ಲಿಕ್ ಕೊಟ್ಟಿಗೆಯ ಬಾಗಿಲಲ್ಲಿ ಬೂಟಿನ ಹಿಮ ಕೊಡವಿ ಒಂದು ಸಿಳ್ಳೆ ಹಾಕುತ್ತಾನೆ. ಒಳಗೆ ಫ್ಲೋರ್ಕಾ ಕಿವಿ ನಿಮಿರಿಸುತ್ತದೆ. ಕಪ್ಪು ಬಿಳುಪಿನ ಹೆಣ್ಣುಗರು. ಅದರ ಪಕ್ಕೆಯಿಂದ ಒಂದು ತಂತಿ ಹೊರಬಂದು ಗೋಡೆಯ ಯಂತ್ರಕ್ಕೆ ಸೇರಿದೆ. ಎದೆಯೊಳಗೆ ಹೆಬ್ಬೆರಳಿನ ಗಾತ್ರದ ಪಂಪು ಜೇನುಹುಳದ ಹಾಗೆ ಗುಂಯ್ ಎನ್ನುತ್ತಿದೆ.

"ಏನಮ್ಮಾ, ಮತ್ತೆ ಸುತ್ಕೊಂಡು ಮಲಗಿದ್ಯಾ? ತಂತಿ ಏನು ನಿಮ್ಮಜ್ಜಿ ಹೆಣೆದ ಶಾಲು ಅಂದ್ಕೊಂಡ್ಯಾ?" ಎನ್ನುತ್ತಾ ಅವನು ಬಗ್ಗಿ ತಂತಿ ಬಿಡಿಸುತ್ತಾನೆ.

ಆ ಸಿಳ್ಳೆ ಸಾಮಾನ್ಯದ್ದಲ್ಲ. ನಮ್ಮ ಗಣಿಯೂರಿನಲ್ಲಿ ಮನೆಮನೆಗೂ ಪಾರಿವಾಳದ ಗೂಡಿದೆ. ಎರ್ವಿನ್ ಸಿಳ್ಳೆ ಹಾಕಿದರೆ ಪಕ್ಕದ ಬೀದಿಯ ಪಾರಿವಾಳಗಳೂ ಇವನ ಮಾಡಿಗೇ ಇಳಿಯುತ್ತವೆ. ಒಮ್ಮೆ ಚರ್ಚಿನ ಗೋಪುರದ ತಗಡಿನ ಹುಂಜವೂ ಇಳಿದು ಬಂದಿತ್ತು. ಪಾದ್ರಿಗಳು ಏಣಿ ಹಾಕಿ, ಬೈದು, ಅದನ್ನು ವಾಪಸ್ ಕೂರಿಸಿದರು. ನಂಬದವರು ಹೋಗಿ ನೋಡಬಹುದು, ಹುಂಜ ಇವತ್ತಿಗೂ ಎರ್ವಿನ್ ಮನೆಯ ಕಡೆಗೇ ಮುಖ ಮಾಡಿದೆ.

ಕಲ್ಲಿದ್ದಲ ಗಣಿ ಮುಚ್ಚಿದಾಗ ಈ ಸಿಳ್ಳೆಯೇ ಅವನಿಗೆ ಕೆಲಸ ಕೊಡಿಸಿತು. ಸೋತ ಹೃದಯಕ್ಕೆ ಆಸರೆಯಾಗುವ ಪಂಪನ್ನು ಮನುಷ್ಯರಿಗೆ ಹಾಕುವ ಮೊದಲು ಇಲ್ಲಿಯ ಸಂಶೋಧನಾ ಕೇಂದ್ರದಲ್ಲಿ ಕರುಗಳಿಗೆ ಹಾಕಿ ನೋಡುತ್ತಾರೆ. ಕರು ನಿಲ್ಲಬೇಕು, ತಿನ್ನಬೇಕು, ಹೆದರಬಾರದು. ಡಾಕ್ಟರು ಎಳೆದರೆ ಅದು ನಾಲ್ಕು ಕಾಲಿಗೂ ಮೊಳೆ ಹೊಡೆದ ಹಾಗೆ ನಿಲ್ಲುತ್ತದೆ. ಎರ್ವಿನ್ ಹಗ್ಗ ಹಿಡಿದರೆ ಹಿಂದೆಯೇ ಬರುತ್ತದೆ. ಹುಲ್ಲು, ಹಾಲು, ಸಗಣಿ, ಗಾಯದ ಬಟ್ಟೆ, ಕಿವಿಯ ಹಿಂದೆ ತುರಿಕೆ, ಎಲ್ಲ ಅವನದೇ.

ಕೊನೆಯ ದಿನವೂ ಅವನದೇ. ಪರೀಕ್ಷೆ ಮುಗಿದ ಮೇಲೆ ಎಲ್ಲಾದರೂ ರಕ್ತ ಹೆಪ್ಪುಗಟ್ಟಿದೆಯೇ ಎಂದು ಕರುವನ್ನು ಕೊಂದು, ತೆರೆದು ನೋಡಬೇಕು. ಆ ಕೋಣೆಗೂ ಅದು ಇವನ ಹಿಂದೆಯೇ ನಡೆದುಹೋಗುತ್ತದೆ.

"ನನ್ನ ನಂಬ್ಕೊಂಡು ಬರುತ್ತೆ. ನನಗೆ ಸಂಬಳ ಕೊಡೋದು ಅದಕ್ಕೇ," ಎಂದು ಪತ್ರಿಕೆಗೆ ಬರೆಯಲು ಬಂದ ನನಗೆ ಹೇಳುತ್ತಾನೆ, ಮುಖ ಬಕೆಟ್ಟಿನ ಮೇಲೆ ಬಗ್ಗಿಸಿಕೊಂಡು.

ಹಿಂದೆ ಇಲ್ಲೇ ಪರೀಕ್ಷೆಯಾದ ಪಂಪಿನಿಂದ ಬದುಕಿದ ಒಬ್ಬ ಹೆಂಗಸು ಒಮ್ಮೆ ಹೂ ಹಿಡಿದು ಕೊಟ್ಟಿಗೆಗೇ ಬಂದಿದ್ದಳು. ಆಕೆ ಹೋಗುವವರೆಗೂ ಎರ್ವಿನ್ ಹುಲ್ಲಿನ ರಾಶಿಯ ಹಿಂದೆ ಕೂತಿದ್ದ. ಊರಿಗೆಲ್ಲ ಅವನು ಹೇಳಿರುವುದು ಡೈರಿಯಲ್ಲಿ ಕೆಲಸ ಎಂದು. ನಿಜ ಗೊತ್ತಿದ್ದದ್ದು ಹೆಂಡತಿ ತ್ರೂದಾಗೆ ಮಾತ್ರ, ಈಗ ನನಗೆ. ಅವಳ ತಮ್ಮ ಅಲೋಯ್ಜ್ ಬಿಯರ್ ಅಂಗಡಿಯಲ್ಲಿ ಸಿಕ್ಕಾಗಲೆಲ್ಲ ಕುಟುಕುತ್ತಾನೆ: "ಏನ್ ಭಾವ, ಇಷ್ಟು ವರ್ಷ ಡೈರೀಲಿದ್ದೀಯ, ಒಂದು ಲೋಟ ಕೆನೆ ಕಂಡಿಲ್ವಲ್ಲಪ್ಪ. ನಿಮ್ಮ ಹಸುಗಳೇನು ಸರ್ಕಾರಿ ನೌಕರೀಲಿದಾವಾ?"

ಎರ್ವಿನ್ ನಗುತ್ತಾನೆ. ಬಿಯರ್ ಅರ್ಧಕ್ಕೇ ಬಿಟ್ಟು ಎದ್ದು ಹೋಗುತ್ತಾನೆ.

ಕ್ರಿಸ್ಮಸ್ ಹಿಂದಿನ ಸಂಜೆ ದನಕರು ಮಾತಾಡುತ್ತವೆ ಎಂಬುದು ನಮಗೆಲ್ಲ ಗೊತ್ತಿದ್ದದ್ದೇ. ನನ್ನಜ್ಜಿಯ ಹಸು ಒಂದು ವರ್ಷ ಪಾದ್ರಿಗಳ ಪ್ರವಚನ ಉದ್ದವಾಯಿತು ಎಂದು ಗೊಣಗಿತ್ತು, ಊರೇ ಒಪ್ಪಿತು. ಆದರೆ ಎರ್ವಿನ್‌ಗೆ ಆ ಸಂಜೆಯೆಂದರೆ ಭಯ, ಕರು ಬಾಯಿಬಿಟ್ಟು ಏನು ಕೇಳಿಬಿಡುತ್ತದೋ ಎಂದು. ಅದಕ್ಕೇ ಪ್ರತಿ ವರ್ಷ ಪರೀಕ್ಷೆ ನಡೆಸುವ ಡಾಕ್ಟರ್ ಬೊಝೆನಾ ಹತ್ತಿರ ಹೋಗಿ, ಹಬ್ಬಕ್ಕೆ ಮುಂಚೆ ಪರೀಕ್ಷೆ ಮುಗಿಸಿಬಿಡಿ ಎಂದು ಬೇಡುತ್ತಿದ್ದ. ಪಾಪ, ರಜೆ ಬೇಕೇನೋ ಎಂದುಕೊಂಡು ಆಕೆ ಸಾಧ್ಯವಾದಾಗಲೆಲ್ಲ ಮುಗಿಸುತ್ತಿದ್ದರು.

"ಕೊಟ್ಟಿಗೆ ಖಾಲಿ ಇದ್ರೆ ಯಾರೂ ಏನೂ ಕೇಳಲ್ಲ ನೋಡು," ಎನ್ನುತ್ತಾನೆ. ಗುಡಿಸುತ್ತಿದ್ದ ಪೊರಕೆ ನಿಲ್ಲುತ್ತದೆ. "ನನ್ನ ಕಿವಿ ಉಳಿಸ್ಕೊಳ್ಳೋಕೆ ಅವುಗಳ ಬದುಕಿನ ನಾಲ್ಕು ದಿನ ತಿಂದೆ ನಾನು. ಇದ್ದಿದ್ರೆ ಹಾಲು ಕುಡೀತಿದ್ವು, ಬಿಸಿಲು ಕಾಯ್ತಿದ್ವು. ಅದನ್ನ ತಿಂದೆ."

ಈ ಸಲ ಬೊಝೆನಾ ಒಪ್ಪಲಿಲ್ಲ. ಹೊಸ ಪಂಪು ಹಬ್ಬ ದಾಟಿಯೂ ಓಡಬೇಕಿತ್ತು. ಉಳಿದವರಿಗೆಲ್ಲ ಮನೆಯಲ್ಲಿ ಪುಟ್ಟ ಮಕ್ಕಳು. ಹಬ್ಬದ ಸಂಜೆಯ ಕಾವಲು ಎರ್ವಿನ್ ಪಾಲಿಗೆ ಬಂತು.

ಹಬ್ಬದ ಊಟಕ್ಕೆ ಮುಂಚೆ ನಾವು ತೆಳ್ಳನೆಯ ಬಿಳಿ ಹಪ್ಪಳ ಮುರಿದು ಒಬ್ಬರಿಗೊಬ್ಬರು ಹರಸುತ್ತೇವೆ, ತಪ್ಪು ಮನ್ನಿಸಿ ಎನ್ನುತ್ತೇವೆ. ದನಗಳಿಗೆ ಗುಲಾಬಿ ಬಣ್ಣದ್ದು. ತ್ರೂದಾ ಅದನ್ನು ಅವನ ಜೇಬಿಗೆ ತುರುಕಿದಳು. "ಕೊಡದೆ ಮನೆಗೆ ಬರಬೇಡ. ನಿನ್ನ ಪಾಲಿನ ಹಬ್ಬದ ಮೀನು ನಾಯಿಗೆ ಹಾಕ್ತೀನಿ."

ಮೊದಲ ನಕ್ಷತ್ರ ಮೂಡಿದ ಹೊತ್ತಿಗೆ ಅವನು ಫ್ಲೋರ್ಕಾ ಮುಂದೆ ಹಪ್ಪಳ ಮುರಿದ.

"'ಮುಂದಿನ ವರ್ಷವೂ ಹೀಗೇ ಸಿಗೋಣ' ಅನ್ಬೇಕಲ್ಲ. ಬಾಯಿ ತೆಗೆದೆ. ಬರಲಿಲ್ಲ. ಯಾವ ಬಾಯಲ್ಲಿ ಅನ್ನಲಿ?"

ಕರು ಏನಾದರೂ ಹೇಳಿತೇ ಎಂದು ಕೇಳುತ್ತೇನೆ. ಬೇರೆ ಯಾರದಾದರೂ ಕರುವಾಗಿದ್ದರೆ ನಾನೇ ಅದರ ಬಾಯಲ್ಲಿ ನಾಲ್ಕು ಮಾತು ಆಡಿಸಿಬಿಡುತ್ತಿದ್ದೆ.

"ಎದೇಲಿರೋದು ಗುಂಯ್ ಅಂತಿತ್ತು, ಅಷ್ಟೇ. ಎಷ್ಟು ಹೊತ್ತು ಕಾದೆ. ಆಮೇಲೆ ನಾನೇ ಹೇಳ್ದೆ. ಕೊನೆಗೆ ಎಲ್ಲಿಗೆ ಕರ್ಕೊಂಡು ಹೋಗ್ತೀನಿ, ಯಾಕೆ, ಎಲ್ಲಾ. ಹಿಂದಿನವುಗಳದ್ದೂ ಹೇಳ್ದೆ." ಅಂಗೈ ನೋಡಿಕೊಳ್ಳುತ್ತಾನೆ. "ಹಪ್ಪಳ ತಿಂದು ಕೈ ನೆಕ್ತು ಕಣೋ. ಬೈದಿದ್ರೆ ಚೆನ್ನಾಗಿತ್ತು."

ಕಿಟಕಿಯಲ್ಲಿ ಬೆಳಕು ಬಂದಿದೆ. ಫ್ಲೋರ್ಕಾ ಅವನ ತೋಳಿನ ಬಟ್ಟೆ ಜಗಿಯುತ್ತಿದೆ, ಅವನು ಬಿಡಿಸಿಕೊಳ್ಳುವುದಿಲ್ಲ. ಅದರ ಕೊನೆಯ ದಿನ ಈ ತಿಂಗಳೇ ಬರುತ್ತದೆ. ಬೇರೆ ಯಾರಾದರೂ ಹಗ್ಗ ಹಿಡಿಯಬಹುದಲ್ಲ ಎಂದರೆ ತಲೆ ಅಡ್ಡಡ್ಡ ಆಡಿಸುತ್ತಾನೆ. "ಬೇರೆಯವರು ಎಳೆದ್ರೆ ಹೆದರುತ್ತೆ. ಅದೊಂದು ಆಗೋದು ಬೇಡ."

ಪತ್ರಿಕೆಗೆ ಏನು ಬರೆಯಲಿ, ಡೈರಿ ಎಂದೇ ಹಾಕಲೇ ಎಂದು ಕೇಳುತ್ತೇನೆ.

"ಬೇಡ. ಕರು ಸಾಕೋನು ಅಂತ ಬರಿ."

ನಾನು ಬಾಗಿಲು ದಾಟುವಷ್ಟರಲ್ಲಿ ಹಿಂದಿನಿಂದ ಅವನ ದನಿ ಬರುತ್ತದೆ.

"ಲೋ, ಕೊನೇ ದಿನ ಕರ್ಕೊಂಡು ಹೋಗೋನೂ ಅವನೇ ಅಂತ ಸೇರಿಸು. ಅಲೋಯ್ಜ್ ಓದಲಿ."